ಗಿರಣಿ ಮೇಳ

ಹೋದ ತಿಂಗಳು ತಂಗಿಯ ಸೊಸೆಯ ಕುಬಸಕ್ಕೆ, ಅದೇ ಸೀಮಂತಕ್ಕೆಂದು, ತವರೂರು ಸಂಶಿಗೆ ಹೋಗಿದ್ದೆ. ಬೆಳಿಗ್ಗೆ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕೂತಾಗ ಗುಡಿಯ ಮೈಕಿನಿಂದ ಒಂದು ಭಜನೆ ಪದ ಶುರುವಾಯಿತು. 'ಮೊದಲ ಬಂದವ ನೀನ, ಕಡೀಕ ಉಳಿಯಾವ ನೀನ, ಶಿವನೇ...' ಹಿಂದೆ ತಬಲಾ, ತಾಳ, ಕೊಳಲು, ಹತ್ತು ಮಂದಿಯ ಕೋರಸ್ಸು. ತಂಗಿಯ ಬೀಗರು ಕಣ್ಣು ಮುಚ್ಚಿ ತಲೆ ತೂಗಿದರು. "ಭಾಳ ಹಳೇ ಪದರಿ ಇದು. ಶರಣರ ಕಾಲದ್ದಿರಬೇಕು," ಅಂದರು.

ಶರಣರ ಕಾಲದ್ದಂತೆ! ಚಹಾದ ಬಸಿಯನ್ನು ಕಟ್ಟೆಯ ಮೇಲೆ ಕುಕ್ಕಿದೆ. ಅದು ಶಿವನ ಪದವೂ ಅಲ್ಲ, ಶರಣರ ಪದವೂ ಅಲ್ಲ. ಅದು ನೂರು ಹೆಜ್ಜೆ ಆಚೆ, ಬಸ್‌ಸ್ಟ್ಯಾಂಡ್ ರಸ್ತೆಯ ಹಿಟ್ಟಿನ ಗಿರಣಿಯಲ್ಲಿ ಹುಟ್ಟಿದ್ದು. ಅದರಲ್ಲಿ ಶಿವನೂ ಇರಲಿಲ್ಲ, ಕೊಳಲೂ ಇರಲಿಲ್ಲ. ಅದನ್ನು ಮೊದಲು ಹಾಡಿದವಳು ನಾನು. ಹೇಳಬೇಕೆಂದು ಬಾಯಿ ತೆರೆದೆ, ಮತ್ತೆ ಮುಚ್ಚಿದೆ. ಯಾಕೆ ಮುಚ್ಚಿದೆ ಎಂಬುದನ್ನೂ ಹೇಳುತ್ತೇನೆ. ಇಷ್ಟು ವರ್ಷವಾದರೂ ಆ ಒಂದು ವರ್ಷದ ಸಿಟ್ಟು ನನಗಿನ್ನೂ ಇಳಿದಿಲ್ಲ. ವಯಸ್ಸಾದರೆ ಸಿಟ್ಟು ತಣ್ಣಗಾಗುತ್ತದೆ ಎನ್ನುವವರಿಗೆ ಸಿಟ್ಟೆಂದರೆ ಏನೆಂದು ಗೊತ್ತೇ ಇಲ್ಲ.

ಎಂಬತ್ತರ ದಶಕದ ನಡುವಿನ ಮಾತು. ಆ ವರ್ಷ ನಾನು ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಬಿದ್ದಿದ್ದೆ. ಗಂಡುಹುಡುಗ ಫೇಲಾದರೆ ಅಕ್ಟೋಬರಿಗೆ ಮತ್ತೆ ಕಟ್ಟಿಸುತ್ತಾರೆ. ಹೆಣ್ಣುಹುಡುಗಿ ಫೇಲಾದರೆ ವರ ನೋಡುತ್ತಾರೆ. ನಮ್ಮ ಮನೆಯಲ್ಲಿ ಹೊಲವಿತ್ತು, ಎತ್ತುಗಳಿದ್ದವು, ಊರಿನಲ್ಲಿ ಮರ್ಯಾದೆ ಇತ್ತು. ಪುಸ್ತಕಕ್ಕೆ ಮಾತ್ರ ಜಾಗವಿರಲಿಲ್ಲ. ಅಪ್ಪ ನನ್ನ ಪಾಟೀಚೀಲವನ್ನು ಕಾಳು ತುಂಬುವ ಹಗೇವಿನ ಮೂಲೆಗೆ ಎಸೆದು, "ಇನ್ನ ರೊಟ್ಟಿ ಬಡಿಯೋದ ಕಲಿ," ಅಂದ. ಅವ್ವ ಏನೂ ಅನ್ನಲಿಲ್ಲ. ಅವ್ವ ಎಂದೂ ಏನೂ ಅಂದವಳಲ್ಲ, ಅದೂ ನನಗೆ ಸಿಟ್ಟೇ.

ಮುಂಗಾರು ಜೋರಾಗಿಯೇ ಹಿಡಿದಿತ್ತು. ನಮ್ಮ ಎರಿ ಭೂಮಿಯ ಮಳೆ ಗೊತ್ತಲ್ಲ, ನೀರಿಗಿಂತ ಮಣ್ಣಿನ ಕಾಟವೇ ಹೆಚ್ಚು. ಬಾಗಿಲು ದಾಟಿದರೆ ಒಂದೊಂದು ಕಾಲಿಗೆ ಒಂದೊಂದು ಸೇರು ಮಣ್ಣು. ವಾರಕ್ಕೆರಡು ಸಲ ನಾನು ಜೋಳದ ಡಬ್ಬಿ ಹೊತ್ತು, ಆ ರಾಡಿಯಲ್ಲಿ ಗಿರಣಿಗೆ ಹೋಗುತ್ತಿದ್ದೆ. ಮನೆಯಿಂದ ಹೊರಗೆ ಹೋಗಲು ನನಗೆ ಉಳಿದಿದ್ದ ದಾರಿ ಅದೊಂದೇ.

ಗಿರಣಿ ಈರಣ್ಣನದು. ಈರಣ್ಣ, ಅವನ ತಮ್ಮ ಚನ್ನಬಸು ಇಬ್ಬರೂ ನಮಗೆ ದೂರದ ಸಂಬಂಧಿಗಳು, ವರಸೆಯಲ್ಲಿ ನನಗೆ ಅಣ್ಣಂದಿರು. ಈರಣ್ಣನಿಗೆ ಇಪ್ಪತ್ತಾರೋ ಏಳೋ. ಮಾತಿನ ಮಲ್ಲ. ಬಿಡುವಿದ್ದಾಗ ಏಕತಾರಿ ಮೀಟುತ್ತಿದ್ದ. ಚನ್ನಬಸು ನನಗಿಂತ ಮೂರು ವರ್ಷ ದೊಡ್ಡವ, ಅಣ್ಣ ಹೇಳಿದ್ದೇ ವೇದ. ಅವನ ಹತ್ತಿರ ಅಜ್ಜನ ಕಾಲದ ಒಂದು ಪೇಟಿ ಇತ್ತು. ಹುಬ್ಬಳ್ಳಿಯವರು ಹಾರ್ಮೋನಿಯಂ ಎನ್ನುತ್ತಾರೆ, ನಾವು ಪೇಟಿ ಎನ್ನುತ್ತೇವೆ. ಅದರಲ್ಲಿ ಸರಿಯಾಗಿ ನುಡಿಯುತ್ತಿದ್ದುದು ಮೂರೇ ಮನೆ, ಉಳಿದವನ್ನು ಇಲಿ ತಿಂದಿತ್ತು. ಆದರೆ ಆ ಮೂರು ಮನೆಗಳನ್ನು ಅವನು ನುಡಿಸುತ್ತಿದ್ದ ರೀತಿ ಇತ್ತಲ್ಲ, ಅಬ್ಬಾ! ಇದನ್ನು ಮಾತ್ರ ಸಿಟ್ಟಿಲ್ಲದೆ ಹೇಳುತ್ತೇನೆ.

ಗಿರಣಿಯ ಹಿಂದಿನ ಕೋಣೆಯಲ್ಲಿ ದೊಡ್ಡ ಗಾಲಿಯ ಡೀಸೆಲ್ ಎಂಜಿನ್ನು. ಟುಕ್, ಟುಕ್, ಟುಕ್ ಎಂದು ಊರಿಗೆಲ್ಲ ಕೇಳುವ ಸದ್ದು. ಒಳಗೆ ನಿಂತವರೆಲ್ಲ ಅದರ ಮೇಲೆ ಕೂಗಿ ಮಾತಾಡಬೇಕು. ನಮ್ಮ ಓಣಿಯ ಹೆಂಗಸರು ಮನೆಯಲ್ಲೂ ಅಷ್ಟು ದೊಡ್ಡ ಗಂಟಲಿನಲ್ಲಿ ಮಾತಾಡಲು ಕಲಿತದ್ದು ಆ ಗಿರಣಿಯಿಂದಲೇ. ಕೂಗದೆ ಮಾತಾಡುತ್ತಿದ್ದವಳು ಒಬ್ಬಳೇ, ದುರ್ಗವ್ವ.

ದುರ್ಗವ್ವ ಊರ ಹೊರಗಿನ ಕೇರಿಯವಳು. ಗಿರಣಿಯಲ್ಲಿ ಡಬ್ಬಿಗಳ ಸಾಲು ಎಡಗಡೆ ಗೋಡೆಗೆ. ಕೇರಿಯವರ ಡಬ್ಬಿ ಬಲಗಡೆ, ಬಾಗಿಲ ಹತ್ತಿರ. ಅಲ್ಲಿ ಸಾಲಿಲ್ಲ. ಊರವರದ್ದೆಲ್ಲ ಬೀಸಿ ಮುಗಿದ ಮೇಲೆ, ಇನ್ನೇನು ಎಂಜಿನ್ನು ಆರಿಸಬೇಕು ಎನ್ನುವಾಗ ಅವರ ಕಾಳು. ಮರುದಿನ ಬೆಳಿಗ್ಗೆ ಕಲ್ಲು ಝಾಡಿಸಿ ಮತ್ತೆ ಊರವರದ್ದು. ಹೀಗೇ ಮಾಡಬೇಕೆಂದು ಎಲ್ಲೂ ಬರೆದಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು. ದುರ್ಗವ್ವ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಬಾಗಿಲ ಬಳಿ ಕುಕ್ಕರಗಾಲಲ್ಲಿ ಕೂತು, ಸಂಜೆಯ ತನಕ ತನ್ನಷ್ಟಕ್ಕೆ ತಾನು ಏನೋ ಅನ್ನುತ್ತಿದ್ದಳು. ಆ ಗದ್ದಲದಲ್ಲೂ ಅವಳ ಮಾತು ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಹೇಗೆ ಎಂದು ಬಹಳ ದಿನ ತಿಳಿಯಲಿಲ್ಲ. ಬೀಸಿ ಮುಗಿದ ಮೇಲೂ ನಾನು ಅಲ್ಲೇ ನಿಂತು ಕೇಳುತ್ತಿದ್ದೆ.

ಒಂದು ದಿನ ತಿಳಿಯಿತು. ಎರಡು ಟುಕ್‌ಗಳ ನಡುವೆ ಒಂದಿಷ್ಟು ಖಾಲಿ ಜಾಗವಿದೆ. ಕಾಳು ಮುಗಿದು ಎಂಜಿನ್ನು ನಿಧಾನವಾದಾಗ ಆ ಜಾಗ ಇನ್ನೂ ದೊಡ್ಡದಾಗುತ್ತದೆ. ದುರ್ಗವ್ವ ತನ್ನ ಮಾತನ್ನು ಅದರೊಳಗೆ ಇಡುತ್ತಿದ್ದಳು. ಆ ದಿನ ಅವಳು ಅಂದದ್ದು ಇದು:

ಮೊದಲ ಬಂದಾಕಿ ನಾನ
ಕಡೀಕ ಕುಂತಾಕಿ ನಾನ
ಹೊತ್ತ ಹೋತು, ಹಿಟ್ಟ ಇಲ್ಲ
ಕೂಸ ಅತ್ತೀತು, ರೊಟ್ಟಿ ಇಲ್ಲ

ನಾನೂ ಅದನ್ನು ಹಾಗೇ, ದನಿ ಏರಿಸದೆ, ಆ ಜಾಗದಲ್ಲಿಟ್ಟು ಅಂದು ನೋಡಿದೆ. ಒಂದು ಸಣ್ಣ ರಾಗ ತಾನೇ ಹತ್ತಿಕೊಂಡಿತು. ಒಳಗಿನಿಂದ ಚನ್ನಬಸು ಹಿಟ್ಟು ಮೆತ್ತಿದ ಮುಖ ಹೊರಗೆ ಹಾಕಿದ.

"ಏನದು? ಇನ್ನೊಮ್ಮೆ ಅನ್ನ."

ಅಂದೆ. ಅವನು ಓಡಿಹೋಗಿ ಪೇಟಿ ತಂದ.

ಗಿರಣಿ ಮೇಳ ಶುರುವಾದದ್ದು ಹೀಗೆ. ಆ ಹೆಸರು ನಾವಿಟ್ಟದ್ದಲ್ಲ, ಊರವರು ನಗುತ್ತ ಇಟ್ಟದ್ದು. ಏಕತಾರಿಯ ಒಂದು ತಂತಿ, ಪೇಟಿಯ ಮೂರು ಮನೆ, ನನ್ನ ಗಂಟಲು. ಬೇರೆ ಭಜನಾ ಮೇಳಗಳಲ್ಲಿ ಹದಿನೈದು ಇಪ್ಪತ್ತು ಮಂದಿ, ಜೋಡಿ ತಬಲಾ, ಢೋಲಕ್, ನಾಲ್ಕು ಜೋಡಿ ತಾಳ. ಒಂದು ಪದ ಎತ್ತಿದರೆ ಇಳಿಸಲು ಅರ್ಧ ತಾಸು. ನಮ್ಮ ಪದ ಎರಡು ನಿಮಿಷಕ್ಕೆ ಮುಗಿಯುತ್ತಿತ್ತು. ನಾಲ್ಕೇ ಸಾಲು, ಎರಡು ಸಲ ಹಾಡುವುದು, ಬಿಡುವುದು. ವರ ನೋಡಲು ಬಂದವರ ಮೇಲೆ ನಾನೇ ಒಂದು ಕಟ್ಟಿದೆ. 'ಬಂದ್ರು, ಕುಂತ್ರು, ಚಾ ಕುಡದ್ರು, ಹೋದ್ರು.' ಅಷ್ಟೇ ಪದ. ಐದನೆಯ ಮಾತು ಹಾಕಿದರೆ ಕೆಡುತ್ತಿತ್ತು. ನಿಲ್ಲದೆ ಹೋದ ಬಸ್ಸಿನ ಮೇಲೆ ಈರಣ್ಣ ಒಂದು ಕಟ್ಟಿದ. ಎಲ್ಲ ಕೂಡಿ ಒಂಬತ್ತು ಪದ ಆದವು. ಅವುಗಳಲ್ಲಿ ಜನ ಮತ್ತೆ ಮತ್ತೆ ಕೇಳಿದ್ದು ಆ ಮೊದಲಿನದೊಂದೇ.

ತಾಳಕ್ಕೆ ಯಾರಾದರೂ ಬೇಕಿತ್ತು. ನಮ್ಮೂರಲ್ಲಿ ತಬಲಾ ಅಂದರೆ ಗುರುಪಾದಪ್ಪ ಮಾಸ್ತರರು. ಹುಬ್ಬಳ್ಳಿಯ ಕ್ಯಾಸೆಟ್ಟಿನವರೂ ಅವರನ್ನೇ ಕರೆಸುತ್ತಿದ್ದರು, ಅಷ್ಟು ದೊಡ್ಡ ಕೈ. ಈರಣ್ಣ ನಮ್ಮನ್ನು ಕರೆದುಕೊಂಡು ಅವರ ಮನೆಗೆ ಹೋದ. ಮಾಸ್ತರರು ಎಲೆ ಅಡಿಕೆ ಹಾಕಿಕೊಳ್ಳುತ್ತ ನನ್ನ ಪದವನ್ನು ಪೂರಾ ಕೇಳಿದರು. ಪೂರಾ ಅಂದರೆ ಎರಡು ನಿಮಿಷ.

"ಮುಂದ?" ಅಂದರು.

"ಮುಂದ ಇಲ್ರಿ. ಮುಗೀತ್ರಿ," ಅಂದೆ.

"ಆಲಾಪ ಇಲ್ಲ, ತಾನ ಇಲ್ಲ, ಏರಿಲ್ಲ, ಇಳಿವಿಲ್ಲ. ಇದು ಪದಾ ಅಲ್ಲವಾ, ಸಂತ್ಯಾಗ ಮೆಣಸಿನಕಾಯಿ ರೇಟ ಹೇಳಿದಂಗ ಐತಿ. ಅದ್ರಾಗ ಹೆಣ್ಣಹುಡುಗಿ. ನನ್ನ ತಬಲಾ ಹೆಂಗಸರ ಹಿಂದ ಕುಂದ್ರೂದಿಲ್ಲೋ ಈರಣ್ಣಾ."

ನಾನು ಎದ್ದು ನಿಂತೆ. "ನಿಮ್ಮ ತಬಲಾ ನಮಗ ಬ್ಯಾಡ್ರಿ. ನಮ್ಮ ಎಂಜಿನ್ನ ಐತಿ," ಅಂದುಬಿಟ್ಟೆ. ಈರಣ್ಣ ನನ್ನ ರಟ್ಟೆ ಹಿಡಿದು ಹೊರಗೆ ಎಳೆದ. ಹಿರಿಯರ ಮುಂದೆ ಹಾಗೆಲ್ಲ ಮಾತಾಡಬಾರದು ಎಂದು ದಾರಿಯುದ್ದಕ್ಕೂ ಬೈದ. ಸಿಟ್ಟಿನಲ್ಲಿ ಬಂದ ಮಾತು ಅದು, ಆದರೆ ಚನ್ನಬಸು ಅದನ್ನು ನಿಜವೆಂದೇ ತೆಗೆದುಕೊಂಡ. ಮರುದಿನವೇ ಟೇಪ್ ರೆಕಾರ್ಡರನ್ನು ಎಂಜಿನ್ನಿನ ಕೋಣೆಯಲ್ಲಿಟ್ಟು, ಕಾಳಿಲ್ಲದ ಹೊತ್ತಿನ ಆ ನಿಧಾನದ ಸದ್ದನ್ನು ಕ್ಯಾಸೆಟ್ಟಿನ ಒಂದು ಬದಿ ಪೂರ್ತಿ ತುಂಬಿಕೊಂಡ. ಎಂಜಿನ್ನನ್ನು ಊರೂರಿಗೆ ಹೊತ್ತೊಯ್ಯಲು ಬರುವುದಿಲ್ಲ, ಕ್ಯಾಸೆಟ್ಟನ್ನು ಒಯ್ಯಬಹುದಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ಊರಲ್ಲಿ ಕರೆಂಟು ಇದ್ದೂ ಇಲ್ಲದಂತಿತ್ತು, ಟೇಪು ಸೆಲ್ಲಿನ ಮೇಲೆಯೇ ನಡೆಯಬೇಕು. ಹೊಸ ಸೆಲ್ಲು ಕೊಳ್ಳುವ ರೂಢಿ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಸೆಲ್ಲು ಸೋತರೆ ಮಾಳಿಗೆಯ ಮೇಲೆ ಬಿಸಿಲಿಗೆ ಒಣಹಾಕುವುದು. ಶಾವಿಗೆ, ಸಂಡಿಗೆ, ಅದರ ಬಾಜು ಸೆಲ್ಲು. ಸಂಜೆಗೆ ತೆಗೆದು ಹಾಕಿದರೆ ಮತ್ತೆರಡು ದಿನ ಜೀವ. ಎಂಜಿನ್ನಿನ ಸದ್ದು ತುಂಬಿಕೊಂಡದ್ದೂ ಅಂಥ ಸೆಲ್ಲಿನಲ್ಲೇ, ಮುಂದೆ ಹಾಡಿದಾಗಲೆಲ್ಲ ಹಚ್ಚಿದ್ದೂ ಅಂಥ ಸೆಲ್ಲಿನಲ್ಲೇ. ಅದರಲ್ಲಿ ತಪ್ಪೇನಿದೆ ಎಂದು ನಮಗೆ ಹೊಳೆಯಲೇ ಇಲ್ಲ.

ಶ್ರಾವಣದ ಕಡೆಯ ಸೋಮವಾರ ಮಧ್ಯಾಹ್ನ ಕುಬಿಹಾಳದಲ್ಲಿ ಭಜನೆ ಇತ್ತು, ಸುತ್ತಲಿನ ಮೇಳಗಳನ್ನೆಲ್ಲ ಕರೆದಿದ್ದರು. ಅಪ್ಪ ಹೇಗೆ ಬಿಟ್ಟ ಅಂದರೆ, ಅಣ್ಣಂದಿರ ಜೊತೆ ದೇವರ ಕೆಲಸಕ್ಕೆ ಎಂದು ಈರಣ್ಣ ನಯವಾಗಿ ಮಾತಾಡಿ ಒಪ್ಪಿಸಿದ. ಕಾವಲಿಗೆ ನಮ್ಮ ಆಯಿಯನ್ನು, ಅಂದರೆ ಅಪ್ಪನ ಅವ್ವನನ್ನು, ಜೊತೆಗೆ ಕಳಿಸಿದರು. ಆಯಿಗೆ ಎರಡೂ ಕಿವಿ ಕೇಳುತ್ತಿರಲಿಲ್ಲ. ಹಾಡುವ ಹುಡುಗಿಯ ಕಾವಲಿಗೆ ಕಿವುಡಿ! ಆ ಇಡೀ ವರ್ಷ ನನ್ನ ಮೇಲೆ ಒಮ್ಮೆಯೂ ಸಿಟ್ಟಾಗದವಳು ಅವಳೊಬ್ಬಳೇ.

ನಮ್ಮ ಸರದಿ ಬಂದಾಗ ಚನ್ನಬಸು ಟೇಪನ್ನು ಮೈಕಿನ ಮುಂದಿಟ್ಟು ಗುಂಡಿ ಒತ್ತಿದ. ಟುಕ್... ಟುಕ್... ಜನ ಗೊಳ್ಳೆಂದು ನಕ್ಕರು. "ಜ್ವಾಳಾ ತಂದೀನಿ, ಬೀಸಿ ಕೊಡ್ತೀಯೇನವಾ?" ಎಂದು ಒಬ್ಬ ಹಿಂದಿನಿಂದ ಕೂಗಿದ. ನನ್ನ ಕೆನ್ನೆ ಕಾದಿತ್ತು. ಅವನನ್ನು ನೋಡಿಕೊಂಡೇ ಹಾಡಿದೆ, ದನಿ ಏರಿಸಲಿಲ್ಲ. ಗದ್ದಲದಲ್ಲಿ ಸಣ್ಣದಾಗಿ ಮಾತಾಡಿದರೆ ಜನ ಕೇಳಲು ಸುಮ್ಮನಾಗುತ್ತಾರೆ. 'ಕೂಸ ಅತ್ತೀತು, ರೊಟ್ಟಿ ಇಲ್ಲ' ಅನ್ನುವಾಗ ಚಪ್ಪರದಲ್ಲಿ ಸದ್ದೇ ಇರಲಿಲ್ಲ. ಮುಗಿಸಿ ಎದ್ದೆವು. ಯಾರಿಗೂ ಮುಗಿಯಿತೆಂದು ತಿಳಿಯಲಿಲ್ಲ, ಮಷೀನು ಕೆಟ್ಟಿತೇನೋ ಎಂದು ಕಾಯುತ್ತ ಕೂತಿದ್ದರು. ಹಿರಿಯರೊಬ್ಬರು ಎದ್ದು, ದೇವರ ಹೆಸರಿಲ್ಲದ ಪದವನ್ನು ಗುಡಿಯ ಮುಂದೆ ಹಾಡಿಸಿದ್ದು ಯಾರು ಎಂದು ಜಗಳ ತೆಗೆದರು. ನಮಗೆ ಮರ್ಯಾದೆಯ ಕಾಯಿ ಕೊಡಲಿಲ್ಲ, ಊಟಕ್ಕೂ ಏಳಿ ಅನ್ನಲಿಲ್ಲ. ಹಸಿದುಕೊಂಡೇ ಎತ್ತಿನ ಬಂಡಿಯಲ್ಲಿ ಹಿಂದಿರುಗಿದೆವು. ಈರಣ್ಣ ದಾರಿಯಲ್ಲಿ ಒಂದೂ ಮಾತಾಡಲಿಲ್ಲ. ನನಗೆ ಮಾತ್ರ ಹಬ್ಬವಾದಷ್ಟು ಖುಷಿ. ನನ್ನ ಮಾತಿಗೆ ಒಂದು ಊರು ಸುಮ್ಮನೆ ಕೂತಿತ್ತು. ಹುಟ್ಟಿದಾಗಿನಿಂದ ನನಗೆ ಅಂಥದ್ದು ಸಿಕ್ಕಿರಲಿಲ್ಲ.

ಆಮೇಲೆ ಯಮನೂರು. ಹತ್ತಿ ಬಿಡಿಸುವ ದಿನಗಳು, ಮೂಡಣ ಗಾಳಿ ಎದ್ದಿತ್ತು. ಆಯಿಗೆ ಮೈ ತುರಿಕೆ, ಯಮನೂರಿನ ದರ್ಗಾಕ್ಕೆ ಹೋಗಿ ಹಳ್ಳದಲ್ಲಿ ಮೀಯುತ್ತೇನೆಂದು ಹರಕೆ ಹೊತ್ತಿದ್ದಳು. ಈ ಸಲ ಅವಳ ಕಾವಲಿಗೆ ನಾವು ಹೋದೆವು. ಹಳ್ಳದ ದಂಡೆಯಲ್ಲಿ ನೂರಾರು ಹೆಂಗಸರು, ಬುರ್ಖಾದವರು, ಕುಂಕುಮದವರು, ಎಲ್ಲ ಒಂದೇ ನೀರಿಗೆ. ಅಡಿಗೆಗೆ ಕಲ್ಲು ಹೂಡಿ ಕೂತಿದ್ದಾಗ ಚನ್ನಬಸು ಸುಮ್ಮನೆ ಪೇಟಿ ತೆಗೆದ, ಟೇಪು ಹಚ್ಚಿದ. ನಾನು ಹಾಡಿದೆ. ಮೊದಲು ನಾಲ್ಕು ಮಂದಿ ಬಂದರು, ಆಮೇಲೆ ಎಣಿಸಲಿಲ್ಲ. ಹಣ್ಣಾದ ಮುದುಕಿಯೊಬ್ಬಳು ನನ್ನ ಗದ್ದ ಹಿಡಿದು, "ಇದು ನನಗ ಅಂದದ್ದು ಯವ್ವಾ, ನನಗ ಅಂದದ್ದು. ಇನ್ನೊಮ್ಮೆ ಅನ್ನ," ಅಂದಳು. ಮೂರು ಸಲ ಹಾಡಿಸಿದಳು. ಮೂರು ಸಲವೂ ಅತ್ತಳು. "ಯಾರ ಕಟ್ಟಿದ್ದವಾ?" ಎಂದು ಕೇಳಿದಳು.

"ನಾನ ಕಟ್ಟೀನಿ," ಅಂದೆ.

ಅಲ್ಲೇ, ಹೆಂಡತಿ ಮಕ್ಕಳೊಂದಿಗೆ ಹರಕೆ ತೀರಿಸಲು ಬಂದಿದ್ದ ಹುಬ್ಬಳ್ಳಿಯ ಕ್ಯಾಸೆಟ್ ಅಂಗಡಿ ಸಾವ್ಕಾರ ನಿಂತಿದ್ದ. ಪದಕ್ಕಿಂತ ಹೆಚ್ಚಾಗಿ ಅವನು ಕೂಡಿದ ಜನರನ್ನು ನೋಡುತ್ತಿದ್ದ. ಈರಣ್ಣನ ಹೆಗಲ ಮೇಲೆ ಕೈ ಹಾಕಿ, ಸಂಕ್ರಾಂತಿ ಮುಗಿದ ವಾರ ಹುಬ್ಬಳ್ಳಿಗೆ ಬರ್ರಿ, ಕ್ಯಾಸೆಟ್ ಮಾಡೂಣು ಅಂದ. ಬರುವ ಬಸ್ಸಿನಲ್ಲಿ ಈರಣ್ಣನ ಬಾಯಿ ಮುಚ್ಚಲೇ ಇಲ್ಲ.

ಕ್ಯಾಸೆಟ್ಟಿನ ಮೇಲೆ ಹೆಸರು ಬರುತ್ತದೆ. ನನಗಿದ್ದ ಆಸೆ ಅದೊಂದೇ, ಮುಚ್ಚಿಟ್ಟು ಏನಾಗಬೇಕಿದೆ? 'ಹಾಡಿದವರು: ಕಸ್ತೂರಿ.' ಅಷ್ಟು ಬಂದರೆ ಸಾಕಿತ್ತು. ಗಣಿತದಲ್ಲಿ ಬಿದ್ದವಳು, ನಾಲ್ಕು ಮಂದಿ ವರರು ಚಹಾ ಕುಡಿದು ಎದ್ದುಹೋದವಳು, ಅಪ್ಪನ ಬಾಯಿಯಲ್ಲಿ ಎಂದೂ 'ಇಕಿ'ಯಾಗಿದ್ದವಳು. ಒಂದು ಕಾಗದದ ಮೇಲೆ ನನ್ನ ಹೆಸರು ಅಚ್ಚಾಗಿ ಅಂಗಡಿಯಲ್ಲಿ ಕೂತರೆ, ಆಮೇಲೆ ನನ್ನನ್ನು ಯಾರಿಗೆ ಬೇಕಾದರೂ ಕೊಡಲಿ ಎಂದುಕೊಂಡಿದ್ದೆ.

ಹುಬ್ಬಳ್ಳಿಯಲ್ಲಿ ಅಂಗಡಿಯ ಅಟ್ಟದ ಮೇಲೆ ಒಂದು ಕೋಣೆ. ಸದ್ದು ಒಳಗೆ ಬಾರದಿರಲೆಂದು ಗೋಡೆಗೆಲ್ಲ ಕೌದಿ ಜಡಿದಿದ್ದರು. ಒಳಗೆ ಹೋದರೆ ಗುರುಪಾದಪ್ಪ ಮಾಸ್ತರರು ತಬಲಾಕ್ಕೆ ಹಿಟ್ಟು ಹಚ್ಚುತ್ತ ಕೂತಿದ್ದಾರೆ, ಬೇರೆ ಯಾವುದೋ ಭಜನೆಗೆ ಬಂದವರು. ನನ್ನನ್ನು ನೋಡಿ ನಕ್ಕರು. ಬಾಜೂಕೆ ಸಾವ್ಕಾರನ ಅಳಿಯ, ಹಾಡುಗಾರನಂತೆ, ಕೊರಳಿಗೆ ಮಫ್ಲರು ಸುತ್ತಿಕೊಂಡಿದ್ದ. ನಾನು ಯಾರನ್ನೂ ನೋಡದೆ ಮೈಕಿನ ಮುಂದೆ ಕೂತೆ. ಚನ್ನಬಸು ಟೇಪನ್ನು ಕರೆಂಟಿಗೆ ಹಚ್ಚಿ ಗುಂಡಿ ಒತ್ತಿದ.

ಟುಕ್‌ಟುಕ್‌ಟುಕ್‌ಟುಕ್! ಬೆನ್ನಿಗೆ ನಾಯಿ ಬಿದ್ದವರಂತೆ ಎಂಜಿನ್ನು ಓಡಿತು. ಸೋತ ಸೆಲ್ಲಿನಲ್ಲಿ ನಿಧಾನವಾಗಿ ತಿರುಗುವಾಗ ತುಂಬಿಕೊಂಡ ಸದ್ದು, ಪೂರಾ ಕರೆಂಟಿನಲ್ಲಿ ಟೇಪು ಸರಿಯಾಗಿ ತಿರುಗಿದಾಗ ಓಡುತ್ತದೆ. ಈಗ ಯಾರಿಗಾದರೂ ತಿಳಿಯುತ್ತದೆ. ಆಗ ನಮಗೆ ಹೊಳೆಯಲಿಲ್ಲ. ಎರಡು ಟುಕ್‌ಗಳ ನಡುವೆ ನಾನು ಮಾತಿಡುತ್ತಿದ್ದ ಜಾಗವೇ ಇರಲಿಲ್ಲ. ನಾಲ್ಕು ಸಲ ಹಾಡಲು ನೋಡಿದೆ, ನಾಲ್ಕು ಸಲವೂ ಎಡವಿದೆ. ಮಾಸ್ತರರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಸೆಲ್ಲ ಹಾಕ್ರಿ. ಹಳೇ ಸೆಲ್ಲ," ಎಂದು ನಾನು ಕಿರುಚಿದೆ. ಹಳೆಯ ಸೆಲ್ಲುಗಳು ಸಂಶಿಯ ಮಾಳಿಗೆಯ ಮೇಲೆ ಒಣಗುತ್ತಿದ್ದವು.

ಸಾವ್ಕಾರ ಚಹಾ ತರಿಸಿದ. "ನೋಡು ಈರಣ್ಣಾ, ಪದಾ ಛಲೋ ಐತಿ, ಧಾಟಿ ಛಲೋ ಐತಿ. ಆದ್ರ ಹಿಟ್ಟಿಲ್ಲ ರೊಟ್ಟಿಲ್ಲ ಅಂತ ಅಳೂದನ್ನ ಯಾರ ರೊಕ್ಕಾ ಕೊಟ್ಟ ಒಯ್ತಾರ? ಅದು ಮನ್ಯಾಗ ಪುಗಸಟ್ಟೆ ಸಿಗತೈತಿ. ಇದನ್ನ ಶಿವನ ಮ್ಯಾಲೆ ತಿರುಗಸು. ಮಾಸ್ತರು ತಬಲಾ ಹಿಡೀತಾರ, ನಮ್ಮ ಅಳಿಯಾ ಹಾಡ್ತಾನ. ಶಿವರಾತ್ರಿಗೆ ಹೊರಗ ಬರತೈತಿ."

ಒಂದು ಕಪ್ ಚಹಾ ಕುಡಿಯಲು ಎಷ್ಟು ಹೊತ್ತು ಬೇಕು? ಅಷ್ಟು ಹೊತ್ತು ಕೂಡ ಈರಣ್ಣ ಯೋಚನೆ ಮಾಡಲಿಲ್ಲ.

"ಆಗಲ್ರಿ," ಅಂದ.

"ಏನ ಆಗಲಿ?" ನಾನು ಎದ್ದೆ. "ಏನ ಆಗಲಿ ಈರಣ್ಣಾ? ನಾ ಇಲ್ಲೇ ಕುಂತೀನಿ, ನಾ ಸತ್ತಿಲ್ಲ."

"ಸಿಟ್ಟಾಗಬ್ಯಾಡವಾ. ಒಂದ ಕ್ಯಾಸೆಟ್ ಹೊರಗ ಬರ್ಲಿ, ಆಮ್ಯಾಲೆ ನಮ್ಮವ ಎಲ್ಲಾ ಪದಾ ನಮ್ಮಂಗನ ಹಾಡೂಣು."

ನಾನು ಚನ್ನಬಸುವಿನ ಕಡೆ ತಿರುಗಿದೆ. "ನೀ ಏನಂತೀ?"

ಅವನು ಪೇಟಿಯ ಮುಚ್ಚಳ ತಿಕ್ಕುತ್ತಿದ್ದ. "ಅಣ್ಣ ಹೇಳ್ಯಾನಲ್ಲ," ಅಂದ.

ಈರಣ್ಣನನ್ನು ನಾನು ಎಂದಾದರೂ ಕ್ಷಮಿಸಬಹುದು. ಅವನಿಗೆ ದೊಡ್ಡವನಾಗುವ ಹುಚ್ಚು ಇತ್ತು, ಅದು ಮುಖದ ಮೇಲೇ ಕಾಣುತ್ತಿತ್ತು. ಚನ್ನಬಸುವನ್ನು ಕ್ಷಮಿಸುವುದಿಲ್ಲ. ಆ ಪದ ಏನೆಂದು ಅವನಿಗೆ ಗೊತ್ತಿತ್ತು. ಮೊದಲ ದಿನ ಪೇಟಿ ತರಲು ಓಡಿದವನು ಅವನೇ. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡವನಿಗೆ ಸುಳ್ಳು ಹೇಳಿದವನಿಗಿಂತ ಹೆಚ್ಚಿನ ಶಿಕ್ಷೆಯಾಗಬೇಕು.

ಈ ಸಲವೂ ಕಾವಲಿಗೆ ಬಂದಿದ್ದ ಆಯಿ ಕೆಳಗೆ ಮೆಟ್ಟಿಲ ಮೇಲೆ ಕೂತಿದ್ದಳು. "ಮುಗೀತೇನು? ಇಷ್ಟ ಲಗೂನ?" ಅಂದಳು. ಅವಳಿಗೆ ಕೇಳುವುದಿಲ್ಲವೆಂದು ಗೊತ್ತಿದ್ದೂ ನಾನು ಇಡೀ ರಸ್ತೆಗೆ ಕೇಳುವಂತೆ ಬೈದೆ, ಇಬ್ಬರು ಅಣ್ಣಂದಿರನ್ನೂ, ಅವರ ಶಿವನನ್ನೂ. ಆಯಿ ಸೆರಗಿನಿಂದ ನನ್ನ ಮುಖ ಒರೆಸಿದಳು. ಇಬ್ಬರೇ ಮಧ್ಯಾಹ್ನದ ಬಸ್ಸಿಗೆ ಊರಿಗೆ ಬಂದೆವು.

ಶಿವರಾತ್ರಿಗೆ ಕ್ಯಾಸೆಟ್ಟು ಬಂತು. ಹೊದಿಕೆಯ ಮೇಲೆ ಬಣ್ಣದ ಲಿಂಗ. ಸಾಹಿತ್ಯ, ಸಂಗೀತ ಈರಣ್ಣ. ಗಾಯನ ಸಾವ್ಕಾರನ ಅಳಿಯ. ತಬಲಾ ಗುರುಪಾದಪ್ಪ. ಪೇಟಿ ಚನ್ನಬಸು. ಹಿಂದೆ ಮುಂದೆ ತಿರುಗಿಸಿ ನೋಡಿದೆ, ಒಳಗಿನ ಕಾಗದ ಬಿಚ್ಚಿ ನೋಡಿದೆ. ಎಲ್ಲಿಯೂ ನಾನಿರಲಿಲ್ಲ. ಅಳಿಯ 'ನೀನ' ಎಂಬ ಒಂದು ಮಾತಿಗೇ ಅರ್ಧ ನಿಮಿಷ ಗಂಟಲು ತಿರುಗಿಸುತ್ತಿದ್ದ. ಊರವರು ಆಹಾ ಅಂದರು. ಬಸ್‌ಸ್ಟ್ಯಾಂಡಿನಲ್ಲಿ, ಚಹಾದಂಗಡಿಯಲ್ಲಿ, ಗುಡಿಯಲ್ಲಿ ಅದೇ. ನಮ್ಮಪ್ಪ ಈರಣ್ಣನನ್ನು ಮನೆಗೆ ಕರೆದು ಹೋಳಿಗೆ ಉಣ್ಣಿಸಿದ. ಹೋಳಿಗೆ ತಟ್ಟಿದವಳು ನಾನು. ಥೂ!

ನಾಲ್ಕೈದು ದಿನ ಬಿಟ್ಟು ಜೋಳದ ಡಬ್ಬಿ ಹೊತ್ತು ಗಿರಣಿಗೆ ಹೋದೆ. ಮಧ್ಯಾಹ್ನದ ಹೊತ್ತು, ಒಳಗೆ ಹತ್ತು ಹನ್ನೆರಡು ಹೆಂಗಸರು. ಮೆಣಸಿನಕಾಯಿ ಕುಟ್ಟುವ ದಿನಗಳು ಅವು, ಪಕ್ಕದ ಕುಟ್ಟುವ ಮಷೀನು, ಡಂಕದ ಖಾರಕ್ಕೆ ಎಲ್ಲರ ಕಣ್ಣಲ್ಲೂ ನೀರು. ಈರಣ್ಣ ಹೊಸ ಅಂಗಿ ಹಾಕಿಕೊಂಡು ರೊಕ್ಕದ ಗಲ್ಲೆಯ ಮೇಲೆ ಕೂತಿದ್ದ, ತಲೆಯ ಮೇಲೆ ಸ್ಪೀಕರು ಹಾಡುತ್ತಿತ್ತು. ನಾನು ಡಬ್ಬಿಯನ್ನು ಅವನ ಮುಂದೆ ದಪ್ಪೆಂದು ಇಟ್ಟೆ.

"ಕಳ್ಳಾ!" ಅಂದೆ. "ನನ್ನ ಪದಾ ಕದ್ದು ಶಿವನ ಹೆಸರ ಹಚ್ಚೀದಿ. ನಾಚಿಗಿ ಬರೂದಿಲ್ಲೇನು ನಿನಗ?"

"ಕಸ್ತೂರಿ, ಮಂದಿ ಮುಂದ ಹಿಂಗ ಮಾತಾಡಬ್ಯಾಡವಾ..."

"ಮಂದಿ ಕೇಳಲೆಂತನ ಅಂದೀನಿ. ನನ್ನ ಮಾತು ಅದು, ನನ್ನ ಹೊಟ್ಟಿ ಸಂಕಟದ್ದು. ಸಾಹಿತ್ಯ ಈರಣ್ಣಂತ! ನಿನಗೇನ ಗೊತ್ತೋ ಕಡೀಕ ಕುಂದ್ರೂದಂದ್ರ?"

ಹೆಂಗಸರೆಲ್ಲ ನಮ್ಮ ಕಡೆ ತಿರುಗಿದರು. ಈರಣ್ಣನ ಮುಖ ಸುಟ್ಟ ಬದನೆಕಾಯಿಯಾಯಿತು. ನನ್ನ ಬಾಯಿ ಮುಚ್ಚಿಸಲು ಅವನಿಗೆ ಗೊತ್ತಿದ್ದ ಉಪಾಯ ಒಂದೇ. ಎದ್ದು, ಸಾಲಿನಲ್ಲಿದ್ದ ಏಳೆಂಟು ಡಬ್ಬಿಗಳನ್ನು ಕಾಲಿನಿಂದ ಸರಿಸಿ, ನನ್ನ ಡಬ್ಬಿಯನ್ನು ತಾನೇ ಎತ್ತಿ ಗಿರಣಿಗೆ ಸುರಿದ. ಸಾಲಿನವರು ಯಾರೂ ಪಿಟ್ಟೆನ್ನಲಿಲ್ಲ. ನಾನೂ ಅನ್ನಲಿಲ್ಲ. ಬೈಯುವ ಭರದಲ್ಲಿ ಅದು ನನ್ನ ಕಣ್ಣಿಗೂ ಬೀಳಲಿಲ್ಲ.

ದುರ್ಗವ್ವ ಬಾಗಿಲ ಬಳಿ ಕೂತಿದ್ದಳು. ಬೆಳಗಿನಿಂದ ಕೂತಿರಬೇಕು. ಯಾರಾದರೂ ನನ್ನ ಪರವಾಗಿ ಒಂದು ಮಾತಾಡಲಿ ಎಂದು ನಾನು ಅವಳ ಮುಂದೆ ಹೋಗಿ ನಿಂತೆ.

"ನೀನರ ಹೇಳ ದುರ್ಗವ್ವಾ. ನೀ ಇಲ್ಲೇ ಇದ್ದೆಲ್ಲ ಆವತ್ತ. ನನ್ನ ಪದಾ ಹೌದೋ ಅಲ್ಲೋ?"

ದುರ್ಗವ್ವ ತಲೆ ಎತ್ತಿ ನನ್ನನ್ನು ನೋಡಿದಳು. ಸಿಟ್ಟಾಗಲಿಲ್ಲ. ಕೂಗಲೂ ಇಲ್ಲ. ಎಂಜಿನ್ನಿನ ಸದ್ದಿನ ನಡುವೆ ಅವಳ ಒಂದೊಂದು ಮಾತೂ ನನಗೆ ಕೇಳಿತು.

"ಕುಬಿಹಾಳದಾಗ ಹಾಡಿದ್ರೆಂತ. ಯಮನೂರಾಗ ಹಾಡಿದ್ರೆಂತ, ಮಂದಿ ಅತ್ತರಂತ. ಭಾಳ ಛಲೋ ಆತು ಯವ್ವಾ. ನನಗ ಯಾರೂ ಬಾ ಅನಲಿಲ್ಲ, ಇರ್ಲಿ." ತನ್ನ ಡಬ್ಬಿಯ ಮೇಲೆ ಕೈ ಇಟ್ಟಳು. "ಆದ್ರ ನಿನ್ನ ಡಬ್ಬಿ ಎಂದರ ಕಡೀಕ ಇತ್ತೇನ ಯವ್ವಾ?"

ಹೋದ ತಿಂಗಳು ಕಟ್ಟೆಯ ಮೇಲೆ ತೆರೆದ ನನ್ನ ಬಾಯಿ ಮುಚ್ಚಿಸಿದ್ದು ಇದೇ ಮಾತು. ಅಷ್ಟರಲ್ಲಿ ಈರಣ್ಣ ನನ್ನ ಡಬ್ಬಿ ತಂದು ಕಾಲ ಬಳಿ ಇಟ್ಟ. "ತಗೋವಾ, ಬೀಸಿ ಆತು. ಬಿಸಿ ಐತಿ, ನೋಡಿ ಹಿಡಿ," ಅಂದ. ನಾನು ಡಬ್ಬಿಯನ್ನು ತಲೆಯ ಮೇಲೆ ಹೊತ್ತುಕೊಂಡು, ದುರ್ಗವ್ವನ ಡಬ್ಬಿಯನ್ನು ದಾಟಿ ಹೊರಗೆ ಬಂದೆ. ಮನೆಯಲ್ಲಿ ಅವ್ವ ಅದೇ ಹಿಟ್ಟಿನಿಂದ ರೊಟ್ಟಿ ಬಡಿದಳು. ಬೈದು ಬೈದು ಹಸಿವಾಗಿತ್ತು. ಮೂರು ತಿಂದೆ.